ತೀರ್ಪುಗಾರರ ಕೈಯ ರಟ್ಟು: ಹಳೆ ಕಾರುಗಳಿಗೆ ಅಂಕ ಹಾಕಿದ ಚರಿತ್ರೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಪಳಗಿದ ವ್ಯಾಪಾರಿಗೆ ಕಾಗದ ಬೇಕಿಲ್ಲ. ರಾಸಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಮೈಮೇಲಿನ ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸುತ್ತಾನೆ. ಅಂಕ, ಷರಾ, ಸಹಿ ಒಂದೂ ಇಲ್ಲ. ಲೆಕ್ಕವೆಲ್ಲ ತಲೆಯೊಳಗೆ.

ಹಳೆ ಕಾರುಗಳ ಪ್ರದರ್ಶನ ಇದಕ್ಕೆ ತದ್ವಿರುದ್ಧ. ಅಲ್ಲಿ ಕಾರಿನ ಸುತ್ತ ತಿರುಗುವ ತೀರ್ಪುಗಾರರ ಕೈಯಲ್ಲಿ ಒಂದು ರಟ್ಟು ಇರಲೇಬೇಕು. ನಾವು ಶಾಲೆಯಲ್ಲಿ ಪರೀಕ್ಷೆಗೆ ಒಯ್ಯುತ್ತಿದ್ದ ಪ್ಯಾಡ್ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಮೇಲೆ ಒಂದು ಕ್ಲಿಪ್ಪು, ಅದರಡಿ ಒಂದು ಅಂಕಪಟ್ಟಿ, ಪಕ್ಕದಲ್ಲಿ ಪೆನ್ಸಿಲ್. ನೋಡಲು ತೀರಾ ಸಾಮಾನ್ಯ ವಸ್ತು. ಆದರೆ ಕಳೆದ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಜಗತ್ತಿನ ಹಳೆ ಕಾರುಗಳಲ್ಲಿ ಯಾವುದು ಯಾವ ರೂಪದಲ್ಲಿ ಉಳಿಯಬೇಕು ಎಂದು ತೀರ್ಮಾನಿಸಿದ್ದರಲ್ಲಿ ಈ ರಟ್ಟಿನ ಮೇಲಿನ ಕಾಗದದ ಪಾಲು ದೊಡ್ಡದು. ಆ ಕಾಗದದಲ್ಲಿ ಯಾವುದಕ್ಕೆ ಅಂಕವಿತ್ತೋ ಅದು ಉಳಿಯಿತು. ಯಾವುದಕ್ಕೆ ಅಂಕ ಕಳೆಯುತ್ತಿದ್ದರೋ ಅದನ್ನು ಮಾಲೀಕರೇ ಉಜ್ಜಿ ತೆಗೆದರು.

ಸೊಗಸಿಗೆ ಲೆಕ್ಕವಿಲ್ಲದ ಕಾಲ

ಕಾರುಗಳ ಸ್ಪರ್ಧೆ ಶುರುವಾದಾಗ ಹಳೆ ಕಾರಿನ ಮಾತೇ ಇರಲಿಲ್ಲ. ಪ್ಯಾರಿಸ್ಸಿನ ಶ್ರೀಮಂತರು ಕುದುರೆ ಸಾರೋಟಿನಲ್ಲಿ ಉದ್ಯಾನಗಳ ಸುತ್ತ ಮೆರೆಯುತ್ತಿದ್ದರು. ಸಾರೋಟಿನ ಜಾಗಕ್ಕೆ ಮೋಟಾರು ಬಂದ ಮೇಲೆ ಆ ಮೆರವಣಿಗೆ ‘ಕಾಂಕೂರ್ ದೆಲೆಗಾನ್ಸ್’ ಆಯಿತು. ಹಾಗೆಂದರೆ ಸೊಗಸಿನ ಸ್ಪರ್ಧೆ. ಆಗೆಲ್ಲ ದುಬಾರಿ ಕಾರಿನ ಎಂಜಿನ್ನು ಮತ್ತು ಚಾಸಿ ಒಂದು ಕಂಪನಿಯದು, ಮೇಲಿನ ಬಾಡಿ ಇನ್ನೊಬ್ಬ ಕುಶಲಕರ್ಮಿಯದು. ಬಾಡಿ ಕಟ್ಟುವವರು ತಮ್ಮ ಹೊಸ ಕೆಲಸವನ್ನು ತೋರಿಸಲು ಈ ಸ್ಪರ್ಧೆಗಳಿಗೆ ಬರುತ್ತಿದ್ದರು. ಪಕ್ಕದಲ್ಲಿ ಹೊಸ ಮೋಸ್ತರಿನ ಉಡುಪು ತೊಟ್ಟ ಹೆಂಗಸರು ನಿಲ್ಲುತ್ತಿದ್ದರು. ಇಟಲಿಯ ಕೋಮೊ ಸರೋವರದ ದಡದಲ್ಲಿ 1929ರಲ್ಲಿ ಆರಂಭವಾದ ವಿಲ್ಲಾ ದೆಸ್ತೆ ಸ್ಪರ್ಧೆಯೂ ಇದೇ ಬಗೆಯದು. ತೀರ್ಪುಗಾರರು ದೂರ ನಿಂತು ಕಣ್ಣಳತೆಯಲ್ಲಿ ‘ಇದು ಚೆಂದ’ ಎನ್ನುತ್ತಿದ್ದರು. ಬೋಲ್ಟು ನಟ್ಟು ಎಣಿಸುವ ಅಗತ್ಯ ಅಲ್ಲಿ ಇರಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1950ರಲ್ಲಿ ಪೆಬಲ್ ಬೀಚ್ ಪ್ರದರ್ಶನ ಶುರುವಾದದ್ದು ಇದೇ ದಾರಿಯಲ್ಲಿ. ಕಾರು ಓಟದ ಜೊತೆಗೆ ಒಂದು ಪುಟ್ಟ ಪ್ರದರ್ಶನ, ಅಷ್ಟೇ. ಮೊದಲ ವರ್ಷ ಗೆದ್ದದ್ದು ಆಗತಾನೇ ಕಟ್ಟಿದ ಹೊಸ ಕಾರು. 1955ರಲ್ಲಿ ಮಾತ್ರ ಗಾಳಿ ಬದಲಾಯಿತು. ಆ ವರ್ಷದ ಅತ್ಯುತ್ತಮ ಕಾರು ಎನಿಸಿಕೊಂಡದ್ದು 1931ರ ಪಿಯರ್ಸ್-ಆ್ಯರೋ. ಅಲ್ಲಿ ಗೆದ್ದ ಮೊದಲ ಯುದ್ಧಪೂರ್ವ ಕಾರು ಅದು. ಅದನ್ನು ಸರಿಪಡಿಸಿ ತಂದವರು ಫಿಲ್ ಹಿಲ್. ಮುಂದೆ 1961ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಓಟಗಾರ ಅವರೇ. ಆಮೇಲೆ ಅವರು ಅದೇ ಪೆಬಲ್ ಬೀಚಿನಲ್ಲಿ ದಶಕಗಳ ಕಾಲ ತೀರ್ಪುಗಾರರಾಗಿಯೂ ಕೂತರು.

ಹೊಸ ಕಾರಿನ ಚೆಂದಕ್ಕೆ ಕಣ್ಣು ಸಾಕು. ಆದರೆ 24 ವರ್ಷ ಹಳೆಯ ಕಾರು ಎದುರಿಗೆ ಬಂದಾಗ ಬೇರೆ ಪ್ರಶ್ನೆಗಳು ಏಳುತ್ತವೆ. ಈ ದೀಪ ಇದೇ ಕಾರಿನದೋ, ಬೇರೆಯದರಿಂದ ತಂದು ಕೂರಿಸಿದ್ದೋ? ಸೀಟಿನ ಚರ್ಮ ಆ ಕಾಲದ್ದೋ, ಹೋದ ವರ್ಷ ಹೊಲಿಸಿದ್ದೋ? ಇದಕ್ಕೆ ಉತ್ತರ ಬೇಕೆಂದರೆ ಹತ್ತಿರ ಹೋಗಬೇಕು, ಬಗ್ಗಬೇಕು, ಕಂಡದ್ದನ್ನು ಬರೆದುಕೊಳ್ಳಬೇಕು. ರಟ್ಟು ಕೈಗೆ ಬಂದದ್ದು ಹೀಗೆ.

ನಾನೂರು ಅಂಕದ ಕಾಗದ

ಅಂಕದ ಪದ್ಧತಿಯನ್ನು ಬೆಳೆಸಿದ್ದರಲ್ಲಿ ಮುಖ್ಯ ಹೆಸರು ಆ್ಯಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕದ್ದು. 1935ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಸಂಘ ಇದು. ಆಗ ಹಳೆ ಕಾರು ಎಂದರೆ ಗುಜರಿ. ಎರಡನೇ ಮಹಾಯುದ್ಧ ಬಂದಾಗ ಅಮೆರಿಕದಲ್ಲಿ ಊರೂರಿನ ಹಳೆ ಕಬ್ಬಿಣವನ್ನು ಸಂಗ್ರಹಿಸಿ ಕರಗಿಸಿದರು. ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಎಷ್ಟೋ ಕಾರುಗಳು ಆ ಕುಲುಮೆ ಸೇರಿದವು. ಯುದ್ಧ ಮುಗಿದ ಮೇಲೆ ಉಳಿದವನ್ನು ಎತ್ತಿ ನಿಲ್ಲಿಸುವ ಹುಮ್ಮಸ್ಸು ಬಂತು. ಜೊತೆಗೆ ‘ಯಾರು ಚೆನ್ನಾಗಿ ಎತ್ತಿ ನಿಲ್ಲಿಸಿದರು’ ಎಂಬ ಪೈಪೋಟಿಯೂ ಬಂತು. ಪೈಪೋಟಿ ಬಂದ ಕಡೆ ಜಗಳ ಬರುತ್ತದೆ. ಜಗಳ ತಪ್ಪಿಸಲು ಅಂಕ ಬೇಕಾಯಿತು.

ಆ ಸಂಘದ ಪದ್ಧತಿ ತಿಳಿಯಲು ಸುಲಭ. 25 ವರ್ಷ ತುಂಬಿದ ವಾಹನಕ್ಕೆ ಪ್ರವೇಶ. ಪೂರ್ಣಾಂಕ 400. ಕಾರನ್ನು ನಾಲ್ಕು ಭಾಗ ಮಾಡುತ್ತಾರೆ: ಹೊರಮೈ, ಒಳಾಂಗಣ, ಎಂಜಿನ್, ಚಾಸಿ. ಪ್ರತಿ ಭಾಗಕ್ಕೆ ಒಬ್ಬ ತೀರ್ಪುಗಾರ, ಇವರ ಮೇಲೆ ಒಬ್ಬ ತಂಡದ ನಾಯಕ. ಎಲ್ಲ ಕಾರಿಗೂ ಮೊದಲು 400 ಇದ್ದೇ ಇದೆ ಎಂದುಕೊಂಡು, ಕಂಡ ಕೊರತೆಗೆ ಕಳೆಯುತ್ತ ಹೋಗುತ್ತಾರೆ. ಮೊದಲ ದರ್ಜೆಯ ಬಹುಮಾನಕ್ಕೆ ಕನಿಷ್ಠ 365 ಉಳಿದಿರಬೇಕು. ತೀರ್ಪುಗಾರರಾಗಲು ಬಯಸುವವರು ಸಂಘ ನಡೆಸುವ ಪಾಠಕ್ಕೆ ಕೂರಬೇಕು, ಹಿರಿಯರ ಜೊತೆ ಓಡಾಡಿ ಕಲಿಯಬೇಕು.

ಹೋಲಿಸುವುದು ಯಾವುದಕ್ಕೆ? ಈ ಕಾರು ಹೊಸದಾಗಿ ಮಾರಾಟಗಾರರ ಅಂಗಡಿಯಿಂದ ಗಿರಾಕಿಯ ಕೈಗೆ ಹೋದ ದಿನ ಹೇಗಿತ್ತೋ ಆ ಸ್ಥಿತಿಗೆ. ಅದಕ್ಕಿಂತ ಕಡಿಮೆ ಇದ್ದರೆ ಅಂಕ ಹೋಯಿತು. ಅದಕ್ಕಿಂತ ಹೆಚ್ಚು ಥಳುಕು ಮಾಡಿದರೆ ಹೆಚ್ಚಿನ ಅಂಕವೇನೂ ಇಲ್ಲ.

ಉಳಿದ ಸಂಘಗಳು ತಮ್ಮ ತಮ್ಮ ತಕ್ಕಡಿ ಕಟ್ಟಿಕೊಂಡವು. 1952ರಲ್ಲಿ ಹುಟ್ಟಿದ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಅಮೆರಿಕ 100 ಅಂಕ ಇಟ್ಟುಕೊಂಡಿತು. ಷೆವ್ರೊಲೆ ಕಂಪನಿಯ ಕಾರ್ವೆಟ್ ಎಂಬ ಒಂದೇ ಕಾರಿಗಾಗಿ 1974ರಲ್ಲಿ ಹುಟ್ಟಿದ ಸಂಘವಂತೂ ಪೂರ್ಣಾಂಕವನ್ನು 4510ಕ್ಕೆ ಏರಿಸಿತು. ಅಲ್ಲಿ ಗಾಜಿನ ಮೂಲೆಯಲ್ಲಿ ಅಚ್ಚಾದ ತಯಾರಿಕೆಯ ಗುರುತು, ಎರಕದ ಮೇಲಿನ ದಿನಾಂಕ ಎಲ್ಲವನ್ನೂ ಓದುತ್ತಾರೆ. ಒಂದೊಂದು ಅವಧಿಯ ಮಾದರಿಗೂ ಒಂದೊಂದು ಕೈಪಿಡಿ ಇದೆ. ಕಣ್ಣಳತೆಯಿಂದ ಹೊರಟ ಪಯಣ ಅರ್ಧ ಶತಮಾನದಲ್ಲಿ ಇಲ್ಲಿಗೆ ಬಂದು ನಿಂತಿತು.

ರಟ್ಟು, ಪೆನ್ಸಿಲ್, ಟಾರ್ಚು

ಹೀಗೆ ಬರೆಯುವ ಕೆಲಸ ಹೆಚ್ಚಿದಂತೆ ಬರೆಯುವ ಸಾಮಾನು ಮುಖ್ಯವಾಯಿತು. ಕಾಗದ ಹಿಡಿದಿಡುವ ಕ್ಲಿಪ್ಪಿಗೆ ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಪೇಟೆಂಟ್ ಪಡೆದವರಿದ್ದರು. ಇಂದು ನಾವು ಕಾಣುವ ಕಂದು ಬಣ್ಣದ ಗಟ್ಟಿ ಹಲಗೆ ಮಾತ್ರ ನಂತರದ್ದು. ಮಿಸಿಸಿಪಿ ರಾಜ್ಯದ ಲಾರೆಲ್ ಎಂಬ ಊರಿನಲ್ಲಿ ವಿಲಿಯಂ ಮೇಸನ್ 1924ರಲ್ಲಿ ಮರಗೆಲಸದ ಕಾರ್ಖಾನೆಗಳಲ್ಲಿ ಬಿಸಾಡುವ ಚಕ್ಕೆಗಳನ್ನು ಹಬೆಯಲ್ಲಿ ಬೇಯಿಸಿ, ಒತ್ತಿ, ಹಾರ್ಡ್‌ಬೋರ್ಡ್ ಮಾಡಿದರು. ಅವರ ಹೆಸರಿನಿಂದ ಅದು ಮೇಸನೈಟ್ ಆಯಿತು. ಅಗ್ಗ, ಹಗುರ, ಬಾಗುವುದಿಲ್ಲ. ನಿಂತುಕೊಂಡೇ ಬರೆಯಬೇಕಾದ ಎಲ್ಲ ಕಸುಬಿಗೂ ಅದು ಒದಗಿತು.

ಕಾರಿನ ಪಕ್ಕದಲ್ಲಿ ಮಾತ್ರ ಇದೇ ರಟ್ಟು ಅಪಾಯದ ವಸ್ತು. ಹಲಗೆಯ ಮೂಲೆ ಚೂಪು, ಕ್ಲಿಪ್ಪು ಉಕ್ಕಿನದು. ವರ್ಷಗಟ್ಟಲೆ ಕೂತು ಬಳಿದ ಬಣ್ಣಕ್ಕೆ ಒಂದು ಗೀರು ಬಿದ್ದರೆ ಮುಗಿಯಿತು. ಆದ್ದರಿಂದಲೇ ತೀರ್ಪುಗಾರರ ಮೊದಲ ನಿಯಮ ಕಾರು ಮುಟ್ಟಬಾರದು ಎಂಬುದು. ಬಾಗಿಲು, ಬಾನೆಟ್ಟು ಏನೇ ತೆಗೆಯಬೇಕಿದ್ದರೂ ಮಾಲೀಕರಿಗೆ ಹೇಳಿ ತೆಗೆಸಬೇಕು. ಎರಡನೆಯದು, ರಟ್ಟನ್ನು ಬಾನೆಟ್ಟಿನ ಮೇಲಾಗಲಿ ಫುಟ್‌ಬೋರ್ಡಿನ ಮೇಲಾಗಲಿ ಇಡಬಾರದು, ಒಂದು ಕ್ಷಣಕ್ಕೂ. ಬಗ್ಗುವಾಗ ರಟ್ಟು ಎದೆಗೆ ಒತ್ತಿರಬೇಕು ಅಥವಾ ಬೆನ್ನ ಹಿಂದಿರಬೇಕು, ಕಾರಿನ ಕಡೆಗಲ್ಲ.

ಹಾಗಾದರೆ ಎಂಥ ರಟ್ಟು ಒಳ್ಳೆಯದು? ಮೂಲೆ ದುಂಡಗಿರುವ ಪ್ಲಾಸ್ಟಿಕ್ಕಿನದು, ಕ್ಲಿಪ್ಪು ಎತ್ತರಕ್ಕೆ ಉಬ್ಬಿರದೆ ಚಪ್ಪಟೆಯಾಗಿರುವುದು. ಹಾರ್ಡ್‌ಬೋರ್ಡೇ ಇದ್ದರೆ ಅಂಚಿಗೆ ಸುತ್ತ ಬಟ್ಟೆಯ ಟೇಪು ಅಂಟಿಸಿದರಾಯಿತು. ಅಂಕಪಟ್ಟಿಯ ಅಳತೆಯನ್ನು ಮೊದಲೇ ನೋಡಿಕೊಳ್ಳಬೇಕು. ಅಮೆರಿಕದಲ್ಲಿ ‘ಲೀಗಲ್’ ಎಂಬ ಉದ್ದ ಕಾಗದ 356 ಮಿಲಿಮೀಟರ್ ಇರುತ್ತದೆ, ನಮ್ಮ ಎ4 ಬರೀ 297. ಕಾಗದ ರಟ್ಟಿನಿಂದ ಕೆಳಗೆ ಜೋತುಬಿದ್ದರೆ ಗಾಳಿಗೆ ಪಟಪಟ ಎನ್ನುತ್ತದೆ, ಬರೆಯಲಾಗುವುದಿಲ್ಲ. ಕೆಳ ಅಂಚಿಗೆ ಒಂದು ರಬ್ಬರ್ ಬ್ಯಾಂಡು ಹಾಕಿದರೆ ಆ ಕಾಟ ಇಲ್ಲ. ಅಮೆರಿಕದಲ್ಲಿ ಪೊಲೀಸರು, ಸರಕು ಸಾಗಿಸುವವರು ಬಳಸುವ ಪೆಟ್ಟಿಗೆಯಂಥ ಅಲ್ಯೂಮಿನಿಯಂ ರಟ್ಟೂ ಸಿಗುತ್ತದೆ. ಬರೆದು ಮುಗಿದ ಹಾಳೆ ಒಳಗೆ ಸುರಕ್ಷಿತ, ಪಕ್ಕದ ಮಾಲೀಕರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅದು ಲೋಹ, ತೂಕವೂ ಹೆಚ್ಚು. ತಂಡದ ನಾಯಕರಿಗೆ ಅದು ಸರಿ, ಕಾರಿನೊಳಗೆ ಇಣುಕುವವರಿಗೆ ಸಲ್ಲದು.

ಬರೆಯಲು ಪೆನ್ಸಿಲ್. ಪೆನ್ನಿನ ಶಾಯಿ ಒಂದು ಹನಿ ಬಿಳಿ ಚರ್ಮದ ಸೀಟಿಗೆ ಬಿದ್ದರೆ ಆ ಮಾತು ಆ ಪ್ರದರ್ಶನದಲ್ಲಿ ಹತ್ತು ವರ್ಷ ಉಳಿಯುತ್ತದೆ. ಕಾಗದ ಸ್ವಲ್ಪ ಒದ್ದೆಯಾದರೆ ಬಾಲ್ ಪೆನ್ನು ಕೈಕೊಡುತ್ತದೆ, ಪೆನ್ಸಿಲ್ ಕೊಡುವುದಿಲ್ಲ. ಮಳೆಯ ಮಾತು ಸುಮ್ಮನೆ ಹೇಳಿದ್ದಲ್ಲ. ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಊರು ಚಾಕೊಲೇಟಿಗೆ ಹೆಸರಾದದ್ದು. 1950ರ ದಶಕದ ಮಧ್ಯದಿಂದ ಅಲ್ಲಿ ಪ್ರತಿ ಅಕ್ಟೋಬರಿನಲ್ಲಿ ಹಳೆ ಕಾರಿನವರ ದೊಡ್ಡ ಜಾತ್ರೆ ಸೇರುತ್ತದೆ. ಹಳೆ ಬಿಡಿಭಾಗಗಳ ಸಂತೆ ನಡೆಯುತ್ತಿದ್ದ ಬಯಲಿಗೆ ಕಲ್ಲುಹಾಸು, ಡಾಂಬರು ಬರುವ ಮುನ್ನ ಮಳೆ ಬಂದರೆ ಮೊಣಕಾಲುದ್ದ ಕೆಸರು. ಹರ್ಷಿ ಎಂದರೆ ಕೆಸರು ಎಂದು ಹಳಬರು ಇಂದಿಗೂ ನೆನೆಯುತ್ತಾರೆ. ಅಂಥ ಕಡೆ ರಟ್ಟಿನ ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ, ಕಾಲಿಗೆ ರಬ್ಬರ್ ಬೂಟು ಇಲ್ಲದೆ ಕೆಲಸ ಸಾಗದು.

ಇನ್ನು ಸಣ್ಣ ಟಾರ್ಚು. ಚಾಸಿಯ ಅಡಿ, ಡ್ಯಾಶ್‌ಬೋರ್ಡಿನ ಕೆಳಗೆ ಹಗಲಲ್ಲೂ ಕತ್ತಲೆ. ಹಳೆ ಬಲ್ಬಿನ ಹಳದಿ ಬೆಳಕಿನಲ್ಲಿ ಕೆನೆ ಬಣ್ಣವೂ ಬಿಳಿಯೂ ಒಂದೇ ಎನಿಸುತ್ತಿತ್ತು. ಎಲ್‌ಇಡಿ ಬಂದ ಮೇಲೆ ಬಣ್ಣ ಗುರುತಿಸುವುದು ಸುಲಭವಾಯಿತು. ಹಿಡಿ ಇರುವ ಪುಟ್ಟ ಕನ್ನಡಿ, ಮಂಡಿಯೂರಲು ಒಂದು ಮೆತ್ತೆ, ತಲೆಗೆ ಟೋಪಿ, ಕುಡಿಯಲು ನೀರು. ಬೆಲ್ಟಿನ ಬಕಲ್, ಉಂಗುರ, ಕೈಗಡಿಯಾರ, ಕೊರಳಲ್ಲಿ ತೂಗುವ ಗುರುತಿನ ಚೀಟಿ ಇವೆಲ್ಲ ಬಣ್ಣದ ಶತ್ರುಗಳು, ತೆಗೆದಿಡಬೇಕು ಅಥವಾ ಮುಚ್ಚಿಕೊಳ್ಳಬೇಕು.

ಕಾಗದ ತಿಂದ ಬಣ್ಣ

ಸಾಮಾನು ಎಷ್ಟೇ ನಾಜೂಕಾಗಿದ್ದರೂ ಕಾರಿಗೆ ನಿಜವಾದ ಗೀರು ಬಿದ್ದದ್ದು ರಟ್ಟಿನ ಅಂಚಿನಿಂದಲ್ಲ, ಅದರ ಮೇಲಿದ್ದ ಕಾಗದದಿಂದ.

ಅಂಕ ಕಳೆಯುವ ಪದ್ಧತಿಯಲ್ಲಿ ಬಿರುಕು ಬಿಟ್ಟ ಬಣ್ಣ ಒಂದು ಕೊರತೆ. ಸವೆದ ಸೀಟು ಇನ್ನೊಂದು ಕೊರತೆ. 1915ರಲ್ಲಿ ಕಾರ್ಖಾನೆಯಲ್ಲಿ ಕುಂಚದಿಂದ ಬಳಿದ ಬಣ್ಣ ಐವತ್ತು ವರ್ಷ ಬಾಳಿ ಮಂಕಾಗಿದ್ದರೆ ಕಾಗದಕ್ಕೆ ಕಾಣುವುದು ಮಂಕು ಮಾತ್ರ. ಬಹುಮಾನ ಬೇಕಾದವರು ಏನು ಮಾಡಿದರು? ಕಾರನ್ನು ಬಿಡಿಬಿಡಿ ಮಾಡಿ, ಮೂಲ ಬಣ್ಣ ಉಜ್ಜಿ ತೆಗೆದು, ಹೊಸದು ಬಳಿಸಿದರು. ಮೂಲ ಚರ್ಮ ಕಿತ್ತು ಹೊಸದು ಹೊಲಿಸಿದರು. ‘ಹೊಸತಾಗಿದ್ದಂತೆ’ ಮಾಡುವ ಭರದಲ್ಲಿ, ಹೊಸತಾಗಿದ್ದಾಗಿನ ಸಾಕ್ಷಿಯೇ ಹೋಯಿತು. ಆ ಕಾಲದ ಕುಂಚದ ಗೆರೆ ಹೇಗಿತ್ತು, ದಾರ ಯಾವುದು, ಕಾರ್ಮಿಕ ಸೀಮೆಸುಣ್ಣದಲ್ಲಿ ಎಲ್ಲಿ ಗುರುತು ಹಾಕುತ್ತಿದ್ದ ಎಂಬುದನ್ನು ತಿಳಿಯಲು ಮುಟ್ಟದೆ ಉಳಿದ ಕಾರೇ ಬೇಕು. ಹೊಸದಾಗಿ ಮಾಡಿದ ಕಾರು ಸರಿಯಾಗಿದೆಯೇ ಎಂದು ಹೋಲಿಸಲೂ ಅದೇ ಬೇಕು.

ಇದು ಸಂಘಗಳಿಗೆ ಅರ್ಥವಾಯಿತು, ಸ್ವಲ್ಪ ತಡವಾಗಿ. ಆ್ಯಂಟಿಕ್ ಆಟೊಮೊಬೈಲ್ ಕ್ಲಬ್ 1980ರ ದಶಕದಲ್ಲಿ ಮೂಲ ಲಕ್ಷಣಗಳನ್ನು ಉಳಿಸಿಕೊಂಡ ವಾಹನಗಳಿಗೆ ಬೇರೆಯೇ ವಿಭಾಗ ತೆರೆಯಿತು. ಅಲ್ಲಿ ತೀರ್ಪುಗಾರರ ಕೆಲಸ ತಲೆಕೆಳಗು. ಏನು ಕೆಟ್ಟಿದೆ ಎಂದು ಕಳೆಯುವ ಬದಲು ಏನೇನು ಮೂಲದ್ದು ಉಳಿದಿದೆ ಎಂದು ಹುಡುಕಬೇಕು. ಅಂತರರಾಷ್ಟ್ರೀಯ ಹಳೆ ವಾಹನ ಒಕ್ಕೂಟವಾದ ಫೀವಾ, ಇಟಲಿಯ ಟ್ಯೂರಿನ್ ಹೆಸರಿನ ಸನ್ನದನ್ನು 2013ರಲ್ಲಿ ಜಾರಿಗೆ ತಂದಿತು. ಹಳೆ ಕಟ್ಟಡ, ಹಳೆ ಸ್ಮಾರಕಗಳಿಗೆ ಅನ್ವಯಿಸುವ ವಿವೇಕವನ್ನೇ ವಾಹನಕ್ಕೂ ತಂದದ್ದು ಅದರ ಹೆಚ್ಚುಗಾರಿಕೆ: ಮೊದಲು ಕಾಪಾಡು, ತೀರಾ ಅಗತ್ಯವಿದ್ದರೆ ಮಾತ್ರ ಬದಲಿಸು, ಬದಲಿಸಿದ್ದನ್ನು ಬರೆದಿಡು.

2024ರ ಆಗಸ್ಟಿನಲ್ಲಿ ಪೆಬಲ್ ಬೀಚಿನ ಅತ್ಯುತ್ತಮ ಕಾರು ಎಂದು ಆಯ್ಕೆಯಾದದ್ದು 1934ರ ಬುಗಾಟಿ ಟೈಪ್ 59. ಒಂದು ಕಾಲಕ್ಕೆ ಬೆಲ್ಜಿಯಂನ ದೊರೆ ಮೂರನೇ ಲಿಯೊಪೋಲ್ಡ್ ಅವರ ಬಳಿ ಇದ್ದ ಕಾರು. ಬಣ್ಣ ಅಲ್ಲಲ್ಲಿ ಎದ್ದಿದೆ, ಮೈಯೆಲ್ಲ ವಯಸ್ಸಿನ ಕಲೆ. ಉಳಿಸಿಕೊಂಡ ಕಾರುಗಳ ವಿಭಾಗದಿಂದ ಬಂದು ಆ ಪ್ರದರ್ಶನದ ಕಿರೀಟ ಗೆದ್ದ ಮೊದಲ ಕಾರು ಅದು. ಹೊಳಪಿನ ಹಿಂದೆ ಬಿದ್ದಿದ್ದ ಕಣ್ಣು ಸವೆತವನ್ನು ಗೌರವಿಸಲು ಎಪ್ಪತ್ತನಾಲ್ಕು ವರ್ಷ ಹಿಡಿಯಿತು.

ನಮ್ಮ ನೆಲದಲ್ಲಿ

ಭಾರತದಲ್ಲಿ ಹಳೆ ಕಾರುಗಳ ಕೂಟಕ್ಕೆ ಹಳೆಯ ಹೆಸರು ದಿ ಸ್ಟೇಟ್ಸ್‌ಮನ್ ಪತ್ರಿಕೆಯ ರ‍್ಯಾಲಿ. ದೆಹಲಿಯಲ್ಲಿ 1964ರಲ್ಲಿ ಅದು ಶುರುವಾಯಿತು. ಕಾರು ಚೆಂದ ಇದ್ದರೆ ಸಾಲದು, ಓಡಲೂ ಬೇಕು. 2008ರಲ್ಲಿ ಮುಂಬೈಯಲ್ಲಿ ಕಾರ್ಟಿಯೆ ಕಂಪನಿ ನಡೆಸಿದ ಸ್ಪರ್ಧೆಯೊಂದಿಗೆ ಪೆಬಲ್ ಬೀಚ್ ಮಾದರಿಯ ಕಾಂಕೂರ್ ಇಲ್ಲಿಗೂ ಬಂತು. ಕರ್ನಾಟಕದಲ್ಲಿ ಹಳೆ ಕಾರು ನೋಡಬೇಕಾದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ ಇದೆ, ಶ್ರೀರಂಗಪಟ್ಟಣದ ಬಳಿ ‘ಪಯಣ’ ಇದೆ. ಪ್ರವಾಸಕ್ಕೆ ಬಂದ ಶಾಲೆ ಮಕ್ಕಳೂ ನೋಡಿ ಹೋಗುತ್ತಾರೆ.

ನಮ್ಮ ಕಾರುಗಳ ಬದುಕು ಅಮೆರಿಕದ ಕಾರುಗಳಂತಲ್ಲ. ಸ್ವಾತಂತ್ರ್ಯದ ನಂತರ ಆಮದಿಗೆ ಬಿಗಿ ಬಂತು, ಬಿಡಿಭಾಗ ಸಿಗಲಿಲ್ಲ. ಊರಿನ ಲೇತ್ ಅಂಗಡಿಯವರು ಕಡೆದು ಕೊಟ್ಟದ್ದೇ ಭಾಗ, ಟಿಂಕರಿಂಗ್‌ನವರು ತಟ್ಟಿ ಕೊಟ್ಟದ್ದೇ ಬಾಡಿ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಇದ್ದಿಲು ಉರಿಸಿ ಅದರ ಗ್ಯಾಸಿನಿಂದ ಬಸ್ಸು, ಕಾರು ಓಡಿಸಿದ್ದನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಅಂಥ ಇದ್ದಿಲು ಡ್ರಮ್ಮನ್ನು ಕಟ್ಟಲು ಹಿಂದುಗಡೆ ಕೊರೆದ ನಾಲ್ಕು ತೂತುಗಳು ಒಂದು ಹಳೆ ಕಾರಿನಲ್ಲಿ ಉಳಿದಿವೆ ಎಂದುಕೊಳ್ಳಿ. ಅಮೆರಿಕದ 400 ಅಂಕದ ಕಾಗದಕ್ಕೆ ಅದು ಕೊರತೆ, ಕಾರ್ಖಾನೆಯಲ್ಲಿ ಆ ತೂತು ಇರಲಿಲ್ಲ. ನಮ್ಮ ಜಿಲ್ಲೆಯ ಸಾರಿಗೆ ಚರಿತ್ರೆ ಬರೆಯುವವರಿಗೆ ಅದು ಶಾಸನದಷ್ಟು ಬೆಲೆಯ ಸಾಕ್ಷಿ. ಬಹುಮಾನದ ಆಸೆಗೆ ಆ ತೂತಿಗೆ ಬೆಸುಗೆ ಹಾಕಿ ಬಣ್ಣ ಬಳಿದರೆ ಮುಂದೆ ಯಾರಿಗೂ ತಿಳಿಯದು.

ಈಗ ಇದು ಬರೀ ಬಹುಮಾನದ ಪ್ರಶ್ನೆಯೂ ಅಲ್ಲ. 2021ರ ಜುಲೈಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರ ವಾಹನಗಳಿಗೆ ‘ವಿಎ’ ಸರಣಿಯ ಸಂಖ್ಯೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. ಪರಿಶೀಲಿಸಲು ರಾಜ್ಯ ಮಟ್ಟದಲ್ಲಿ ಸಮಿತಿ. ಅಂದರೆ ‘ಮೂಲ ರೂಪ ಯಾವುದು’ ಎಂದು ರಟ್ಟು ಹಿಡಿದು ಬರೆಯುವ ಕೆಲಸ ಸಂಘಗಳಿಂದ ಸರ್ಕಾರದವರೆಗೂ ಬಂದಿದೆ. 1950ರಲ್ಲಿ ಊರಿನ ಮೇಸ್ತ್ರಿ ಕಟ್ಟಿದ ಬಾಡಿ ಮೂಲವೋ ಮಾರ್ಪಾಡೋ? ಆ ಉತ್ತರದ ಮೇಲೆ ಒಂದು ಕಾರಿನ ಭವಿಷ್ಯ ನಿಂತಿರುತ್ತದೆ.

ನಮ್ಮ ಊರುಗಳಲ್ಲೂ ಈಗ ಕಾಲೇಜು ಉತ್ಸವ, ದಸರಾಗಳಲ್ಲಿ ಹಳೆ ಕಾರು ಸಾಲಾಗಿ ನಿಲ್ಲಿಸುವುದು ಹೆಚ್ಚುತ್ತಿದೆ. ಅಂಕ ಹಾಕಲು ನಿಮ್ಮನ್ನು ಕರೆದರೆ ದುಬಾರಿ ಸಾಮಾನು ಬೇಕಿಲ್ಲ. ಮೂಲೆಗೆ ಟೇಪು ಸುತ್ತಿದ ಪರೀಕ್ಷೆ ರಟ್ಟು, ಎರಡು ಪೆನ್ಸಿಲ್, ಒಂದು ಟಾರ್ಚು ಸಾಕು. ಅಂಕಪಟ್ಟಿಯನ್ನು ಮಾತ್ರ ಹೊರಗಿನಿಂದ ಇದ್ದ ಹಾಗೇ ಇಳಿಸಿಕೊಳ್ಳಬೇಡಿ. ‘ಕಾರ್ಖಾನೆಯದು’, ‘ಹಳೆಯ ಸ್ಥಳೀಯ ದುರಸ್ತಿ’, ‘ಇತ್ತೀಚಿನ ಬದಲಾವಣೆ’ ಎಂದು ಮೂರು ಕಾಲಂ ಎಳೆಯಿರಿ. ಮಾಲೀಕರನ್ನು ಕೇಳಿ: ಇದನ್ನು ಯಾರು ರಿಪೇರಿ ಮಾಡಿದರು, ಯಾವ ಊರಿನಲ್ಲಿ, ಯಾವ ವರ್ಷ? ಹೇಳಿದ್ದನ್ನು ಮೊದಲು ಬರೆದುಕೊಳ್ಳಿ, ಅಂಕ ಆಮೇಲೆ ಹಾಕಿ. ಬಹುಮಾನದ ಕಪ್ಪು ಯಾರ ಮನೆಗಾದರೂ ಹೋಗಲಿ, ಬರೆದ ಹಾಳೆಗಳನ್ನು ಸಂಘಟಕರು ಎಸೆಯದೆ ಕಟ್ಟಿ ಇಟ್ಟರೆ ಅದೇ ಆ ಊರಿನ ಮೋಟಾರು ಚರಿತ್ರೆಯ ಮೊದಲ ಕಡತ.